ಮತ್ತೆ ಎಮ್‌ಆರ್‌ಐ ಮಾಡಿಸುವ ಮುಂಚೆ ಮೂಳೆಗಳನ್ನು ಸರಿಯಾಗಿ ಎಣಿಸಿದ್ದಾರಾ ಅಂತ ಕೇಳಿ

ಸೊಂಟದಿಂದ ಕಾಲಿಗೆ ಸೆಳೆತ, ರಿಪೋರ್ಟಿನಲ್ಲಿ ಎಲ್‌4-ಎಲ್‌5 ಬಲ್ಜ್ (ಸೊಂಟದ ನಾಲ್ಕು ಮತ್ತು ಐದನೇ ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿರುವುದು), ನರಕ್ಕೆ ಇಂಜೆಕ್ಷನ್ ಕೊಟ್ಟರೂ ನೋವು ಇಳಿದಿಲ್ಲ. ಈಗ 3 ಟೆಸ್ಲಾ, ಅಂದರೆ ಹೆಚ್ಚು ಬಲದ ಅಯಸ್ಕಾಂತದ ಮೆಷಿನ್ನಿನಲ್ಲಿ ನರದ ಎಮ್‌ಆರ್‌ಐ ಮಾಡಿಸಿದರೆ ನೋವಿನ ಜಾಗ ಸಿಗುತ್ತಾ ಅಂತ ಕೇಳಿದ್ದೀರಿ. ನನ್ನ ಉತ್ತರ: ಸದ್ಯಕ್ಕೆ ಬೇಡ. ನನ್ನದೂ ಇದೇ ಕಥೆ.

ದಾವಣಗೆರೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಇಡೀ ದಿನ ಬಲಗಾಲು ಪೆಡಲ್ ಮೇಲೆ. ನೋವು ಪಿರ್ರೆಯಲ್ಲಿ ಶುರುವಾಗಿ, ತೊಡೆ ಮತ್ತು ಮೀನಖಂಡದ ಹೊರಬದಿ ಹಿಡಿದು, ಪಾದದ ಮೇಲಿಂದ ಹೆಬ್ಬೆರಳಿಗೆ ಇಳಿಯುತ್ತಿತ್ತು. ಹೆಬ್ಬೆರಳಿಗೆ ಬಲವೇ ಇಲ್ಲದೆ, ನಡೆಯುವಾಗ ಚಪ್ಪಲಿ ಕಳಚಿ ಹಿಂದೆ ಬೀಳುತ್ತಿತ್ತು. ಎಮ್‌ಆರ್‌ಐನಲ್ಲಿ ಎಲ್‌4-ಎಲ್‌5 ಡಿಸ್ಕ್ ಬಲಕ್ಕೆ ಜಾರಿ ನರ ಒತ್ತಿದೆ ಅಂತ ಬಂತು. ಸಿ-ಆರ್ಮ್ ಎಕ್ಸ್‌ರೇಯಲ್ಲಿ ನೋಡಿಕೊಂಡೇ ಸೂಜಿ ಹಾಕಿದರು. ನೋವು ಒಂಚೂರೂ ಕದಲಲಿಲ್ಲ.

ನಾನು ಮಾಡಿದ ತಪ್ಪು ಇಷ್ಟೇ: ಹಳೆಯ ಎಕ್ಸ್‌ರೇ ಮನೆಯಲ್ಲಿ ಬಿಟ್ಟು, ಎಮ್‌ಆರ್‌ಐ ರಿಪೋರ್ಟಿನ ಹಾಳೆ ಮಾತ್ರ ತೆಗೆದುಕೊಂಡು ಹೋದೆ. ದುಬಾರಿ ಸ್ಕ್ಯಾನ್ ಕೈಯಲ್ಲಿರುವಾಗ ಎಕ್ಸ್‌ರೇ ಯಾಕೆ ಅಂದುಕೊಂಡೆ. ಆ ಎಕ್ಸ್‌ರೇ ರಿಪೋರ್ಟಿನಲ್ಲಿ 'ಸ್ಯಾಕ್ರಲೈಸೇಶನ್ ಆಫ್ ಎಲ್‌5' ಅಂತ ಒಂದು ಸಾಲಿತ್ತು. ನಾನಂತೂ ಅದನ್ನು ಓದಿರಲೇ ಇಲ್ಲ.

ಈ ಸಾಲನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನ ದುಡ್ಡೂ ನಿದ್ದೆಯೂ ಹೋಗಿದ್ದು ಇಲ್ಲೇ. ಸೊಂಟದಲ್ಲಿ ಸಾಮಾನ್ಯವಾಗಿ ಐದು ಬೆನ್ನುಮೂಳೆ, ಎಲ್‌1ರಿಂದ ಎಲ್‌5. ಕೆಲವರಿಗೆ ಹುಟ್ಟಿನಿಂದಲೇ ಐದನೆಯದು ಅದರ ಕೆಳಗಿನ ತ್ರಿಕೋನಾಕಾರದ ಮೂಳೆಗೆ, ಅಂದರೆ ಸ್ಯಾಕ್ರಮ್‌ಗೆ, ಕೂಡಿಕೊಂಡಿರುತ್ತದೆ; ಸ್ಯಾಕ್ರಲೈಸೇಶನ್ ಅಂದರೆ ಇದೇ. ಇನ್ನು ಕೆಲವರಿಗೆ ಸ್ಯಾಕ್ರಮ್‌ನ ಮೊದಲ ಮೂಳೆ ಬಿಡಿಯಾಗಿ, ಆರು ಇದ್ದಂತೆ ಕಾಣುತ್ತದೆ. ಇದು ಅಪರೂಪವೇನಲ್ಲ. ಸೊಂಟದ ಎಮ್‌ಆರ್‌ಐನಲ್ಲಿ ಕಾಣುವುದು ಸೊಂಟದ ತುಂಡು ಮಾತ್ರ, ಹಾಗಾಗಿ ಹೆಚ್ಚಾಗಿ ಕೆಳಗಿನಿಂದ ಮೇಲಕ್ಕೆ ಎಣಿಸುತ್ತಾರೆ. ಬೀದಿಯ ಈ ತುದಿಯಿಂದ ನಾಲ್ಕನೇ ಮನೆ ಆ ತುದಿಯಿಂದಲೂ ನಾಲ್ಕನೆಯದೇ ಆಗಬೇಕಿಲ್ಲ, ಅಲ್ವಾ? ನನ್ನ ರಿಪೋರ್ಟ್ ಬರೆದವರು ಕೂಡಿಕೊಂಡಿದ್ದ ಮೂಳೆಯನ್ನು ಸ್ಯಾಕ್ರಮ್‌ನದೇ ಅಂದುಕೊಂಡು, ಅದರ ಮೇಲಿನದಕ್ಕೆ ಎಲ್‌5 ಅಂದರು. ಸೂಜಿ ಹಾಕಿದವರು ಕೂಡಿಕೊಂಡಿದ್ದನ್ನೇ ಎಲ್‌5 ಅಂದರು. ಇಬ್ಬರ ಬಾಯಲ್ಲೂ ಎಲ್‌4-ಎಲ್‌5, ಆದರೆ ಜಾಗ ಬೇರೆ. ಔಷಧಿ ಹೋಗಿದ್ದು ಒಂದು ಮೆಟ್ಟಿಲು ಕೆಳಗೆ, ಏನೂ ಆಗದಿದ್ದ ನರಕ್ಕೆ. ಸಿಡಿ ಮತ್ತು ಎಕ್ಸ್‌ರೇ ಎರಡನ್ನೂ ಮೇಜಿನ ಮೇಲೆ ಇಟ್ಟಿದ್ದರೆ ಇದು ಅಲ್ಲೇ ಗೊತ್ತಾಗುತ್ತಿತ್ತು.

ಆಮೇಲೆ ಸಿಕ್ಕ ಡಾಕ್ಟರ್ ರಿಪೋರ್ಟ್ ಪಕ್ಕಕ್ಕಿಟ್ಟು ಕೈಗೆ ಪೆನ್ ಕೊಟ್ಟರು. 'ನೋವು ಎಲ್ಲಿಂದ ಎಲ್ಲಿಗೆ ಹೋಗುತ್ತೆ, ಕಾಲ ಮೇಲೇ ಗೆರೆ ಎಳೆಯಿರಿ' ಅಂದರು. ಒಂದೊಂದು ನರಕ್ಕೂ ಒಂದು ದಾರಿ ಇದೆ. ಎಲ್‌4 ಆದರೆ ಮುಂದೊಡೆಯಿಂದ ಕಣಕಾಲಿನ ಒಳಬದಿ, ಎಲ್‌5 ಆದರೆ ಹೊರಬದಿಯಿಂದ ಹೆಬ್ಬೆರಳು, ಎಸ್‌1 (ಸ್ಯಾಕ್ರಮ್‌ನ ಮೊದಲ ನರ) ಆದರೆ ಮೀನಖಂಡದ ಹಿಂಬದಿಯಿಂದ ಕಿರುಬೆರಳು. ಮೂಳೆ ಹೀಗೆ ಕೂಡಿಕೊಂಡವರಲ್ಲಿ ನರಗಳ ಕೆಲಸವೂ ಒಂದು ಮೆಟ್ಟಿಲು ಬದಲಾಗಿರಬಹುದು ಅಂದರು. ಕತ್ತಿನಿಂದ ಕೆಳಗಿನ ತನಕ ಇಡೀ ಬೆನ್ನು ಒಂದೇ ಚಿತ್ರದಲ್ಲಿ ಬರುವ ಹಾಗೆ ತೆಗೆಸಿ, ಕತ್ತಿನ ಎರಡನೇ ಮೂಳೆಯಿಂದ ಕೆಳಕ್ಕೆ ಬೆರಳಿಟ್ಟು ಎಣಿಸಿ ತೋರಿಸಿದರು.

ಆಮೇಲೆ ಮತ್ತೆ ಸಿ-ಆರ್ಮ್ ಕೆಳಗೆ ಮಲಗಿದೆ. ಸೂಜಿ ನರದ ಹತ್ತಿರ ಬರುತ್ತಿದ್ದಂತೆ ಅದೇ ನೋವು ಅದೇ ಹೆಬ್ಬೆರಳ ತನಕ ಜುಮ್ಮೆಂದು ಓಡಿತು. 'ಇದೇನಾ?' 'ಇದೇ ಸಾರ್.' ಎಕ್ಸ್‌ರೇಯಲ್ಲಿ ಕಾಣುವ ಡೈ ಬಿಟ್ಟು ಅದು ನರದುದ್ದಕ್ಕೂ ಹರಿದಿದ್ದನ್ನು ನೋಡಿ, ಮರಗಟ್ಟಿಸುವ ಲಿಗ್ನೊಕೇನ್ ಚೂರೇ ಚೂರು ಹಾಕಿದರು. ಜಾಸ್ತಿ ಹಾಕಿದರೆ ಪಕ್ಕದ ನರಕ್ಕೂ ಹರಡಿ, ಯಾವ ನರ ಅಂತ ಗೊತ್ತಾಗುವುದಿಲ್ಲವಂತೆ. ಸ್ವಲ್ಪ ಹೊತ್ತಿಗೆ ಎದ್ದು ಕೂತೆ, ಬಗ್ಗಿದೆ, ನಿಂತೆ. ಆ ಸೆಳೆತ ಇರಲಿಲ್ಲ. ಆಮೇಲೆ ಸ್ಟೀರಾಯ್ಡ್ ಕೂಡ ಅಲ್ಲಿಗೇ ಕೊಟ್ಟರು, ಫಿಸಿಯೋಥೆರಪಿ ಹಿಡಿದೆ. ಮದುವೆ ಸೀಸನ್ನಿನಲ್ಲಿ ಈಗಲೂ ಸೊಂಟ ಹಿಡಿಯುತ್ತದೆ, ಆದರೆ ಪೆಡಲ್ ತುಳಿಯುತ್ತಿದ್ದೇನೆ.

ಅದಕ್ಕೇ ಹೇಳುತ್ತಿರುವುದು: ನೋವಿನ ಜಾಗ ಒಳ್ಳೆಯ ಚಿತ್ರದಲ್ಲಿ ಸಿಗುತ್ತದೆ ಅನ್ನುವ ನಿಮ್ಮ ನಂಬಿಕೆಯೇ ಸರಿಯಿಲ್ಲ. 1994ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂದಿತ್ತು. ಬೆನ್ನು ನೋವೇ ಇಲ್ಲದ 98 ಮಂದಿಗೆ ಎಮ್‌ಆರ್‌ಐ ಮಾಡಿದರೆ ಶೇ. 52 ಜನರಲ್ಲಿ ಬಲ್ಜ್ ಕಂಡಿತ್ತು. ಬಲ್ಜ್ ಇದೆ ಅಂದ ಮಾತ್ರಕ್ಕೆ ನೋವು ಅದರದ್ದೇ ಅನ್ನಲಾಗದು. ಬೆನ್ನಿನ ಸಣ್ಣ ಕೀಲುಗಳಿಂದಲೂ ಸ್ಯಾಕ್ರಮ್ ಮತ್ತು ಸೊಂಟದೆಲುಬು ಸೇರುವ ಎಸ್‌ಐ ಕೀಲಿನಿಂದಲೂ ನೋವು ಬರಬಹುದು, ಚಿತ್ರ ಮಾತ್ರ ನೋಡಿ ಅದನ್ನು ಹೇಳಲು ಬರುವುದಿಲ್ಲ.

ನರದ ಎಮ್‌ಆರ್‌ಐ ಕೆಲಸಕ್ಕೆ ಬಾರದ್ದು ಅಂತಲ್ಲ. ಕೊಬ್ಬಿನ ಹೊಳಪು ಅಡಗಿಸಿ, ಊದಿದ ನರವನ್ನು ಎತ್ತಿ ತೋರಿಸುತ್ತದೆ. ಬೆನ್ನುಮೂಳೆಯಿಂದ ಹೊರಗೆ, ಪಿರ್ರೆಯ ಒಳಗೋ ತೊಡೆಯಲ್ಲೋ ನರ ಸಿಕ್ಕಿಕೊಂಡಿರುವ ಅನುಮಾನವಿದ್ದರೆ ಮಾಡಿಸಿ. ನಿಮ್ಮ ಡಾಕ್ಟರಿಗೆ ಆ ಅನುಮಾನ ಇದೆ ಅಂತ ನೀವು ಎಲ್ಲೂ ಬರೆದಿಲ್ಲ. ಮೊದಲು ಇರುವ ಸಿಡಿ, ಎಕ್ಸ್‌ರೇ ಎಲ್ಲ ಹಿಡಿದು ಹೋಗಿ 'ಮೂಳೆ ಎಲ್ಲಿಂದ ಎಣಿಸಿದ್ದೀರಿ?' ಅಂತ ಕೇಳಿ. ಕೇಳೋಕೆ ಸಂಕೋಚ ಬೇಡ.

ಇಷ್ಟರಲ್ಲಿ ಮೂತ್ರ ಕಟ್ಟಿದರೆ, ಮೂತ್ರ ಅಥವಾ ಮಲ ಹಿಡಿತಕ್ಕೆ ಸಿಗದಿದ್ದರೆ, ತೊಡೆಸಂದಿ ಜೋಮು ಹಿಡಿದರೆ, ಇದ್ಯಾವುದಕ್ಕೂ ಕಾಯದೆ ಅದೇ ಹೊತ್ತಿಗೆ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.