ನೀರಿನ ಪರೀಕ್ಷೆ ಸಾಲದು, ಬಯಾಪ್ಸಿ ಮಾಡಿಸಿ

ತಂದೆಯವರ ಶ್ವಾಸಕೋಶದ ಸುತ್ತ ತುಂಬಿದ್ದ ನೀರನ್ನು ಎರಡು ಸಲ ಪರೀಕ್ಷಿಸಿದರೂ ಕ್ಯಾನ್ಸರ್ ಸಿಗಲಿಲ್ಲ, ಆದರೂ ಬಯಾಪ್ಸಿ ಬೇಕಾ ಅಂತ ಕೇಳಿದ್ದೀರಿ. ಬೇಕು, ದಯವಿಟ್ಟು ಮಾಡಿಸಿ. ಅವರು ಆಸ್ಬೆಸ್ಟಾಸ್ ಶೀಟ್ ಕಾರ್ಖಾನೆಯಲ್ಲಿ ದುಡಿದವರು ಅಂತ ಬರೆದಿದ್ದೀರಲ್ವಾ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಆ ಧೂಳು ಕುಡಿದು 30-40 ವರ್ಷ ಆದ ಮೇಲೂ ಮೆಸೊಥೆಲಿಯೋಮಾ ಅನ್ನೋ ಕ್ಯಾನ್ಸರ್ ಕಾಣಿಸಿಕೊಳ್ಳಬಹುದು.

ಶ್ವಾಸಕೋಶದ ಹೊರಪೊರೆಯ ಈ ಗಡ್ಡೆ ನೀರಿನಲ್ಲಿ ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಸೋಂಕಿನಿಂದ ಕೆರಳಿದ ಪೊರೆಯ ಜೀವಕೋಶಗಳೂ ಮೈಕ್ರೋಸ್ಕೋಪಿನಲ್ಲಿ ಹೆಚ್ಚುಕಮ್ಮಿ ಗಡ್ಡೆಯ ಜೀವಕೋಶಗಳ ಹಾಗೇ ಕಾಣುತ್ತವೆ. ಜೀವಕೋಶಗಳು ಪೊರೆ ದಾಟಿ ಕೆಳಗಿನ ಕೊಬ್ಬಿನೊಳಗೆ ನುಗ್ಗಿವೆಯಾ ಅನ್ನೋದೇ ಗಡ್ಡೆಯನ್ನು ಗುರುತಿಸುವ ದೊಡ್ಡ ಸುಳಿವು. ಅದು ತಿಳಿಯಲು ಒಳ್ಳೆ ಗಾತ್ರದ ತುಂಡು ಬೇಕು. ಥೊರಾಕೋಸ್ಕೋಪಿಯಲ್ಲಿ ಪಕ್ಕೆಲುಬುಗಳ ನಡುವೆ ಸಣ್ಣ ರಂಧ್ರ ಮಾಡಿ, ಕ್ಯಾಮೆರಾದಲ್ಲಿ ನೋಡುತ್ತಾ, ಅನುಮಾನ ಬಂದ ಕಡೆಯಿಂದಲೇ ಹಲವು ತುಂಡು ತೆಗೆಯುತ್ತಾರೆ. ನೀರನ್ನೂ ಆಗಲೇ ಖಾಲಿ ಮಾಡುತ್ತಾರೆ.

ನಂತರ ಇಮ್ಯುನೋಹಿಸ್ಟೋಕೆಮಿಸ್ಟ್ರಿ, ಅಂದರೆ ತುಂಡಿನ ಜೀವಕೋಶಗಳಲ್ಲಿ ಯಾವ ಪ್ರೋಟೀನ್‌ಗಳಿವೆ ಅಂತ ಬಣ್ಣ ಹಚ್ಚಿ ನೋಡುವ ಪರೀಕ್ಷೆ, ಆಗಲೇಬೇಕು. ಆ ಪ್ರೋಟೀನ್‌ಗಳ ಪೈಕಿ ಕ್ಯಾಲ್‌ರೆಟಿನಿನ್, ಡಬ್ಲ್ಯುಟಿ-1 ಪಾಸಿಟಿವ್ ಬಂದು, ಟಿಟಿಎಫ್-1, ಕ್ಲಾಡಿನ್-4 ನೆಗೆಟಿವ್ ಇದ್ದರೆ ಜೀವಕೋಶಗಳು ಶ್ವಾಸಕೋಶದ ಹೊರಪೊರೆಯವೇ, ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದಲ್ಲ ಅನ್ನೋ ಕಡೆ ತಕ್ಕಡಿ ವಾಲುತ್ತದೆ. ಬಿಎಪಿ-1 ಅನ್ನೋ ಪ್ರೋಟೀನ್ ಕಾಣೆಯಾಗಿದ್ದರೆ ಅದು ಬರೀ ಕೆರಳಿಕೆಯಲ್ಲ, ಗಡ್ಡೆ ಅನ್ನೋದಕ್ಕೆ ಬಲ ಬರುತ್ತದೆ. ಅದು ಉಳಿದಿದೆ ಅಂತ ನಿಶ್ಚಿಂತೆಯಿಂದ ಇರುವ ಹಾಗಿಲ್ಲ.

ನಮ್ಮಲ್ಲಿ ಟಿಬಿಯಿಂದಲೂ ಇಂಥ ನೀರು ತುಂಬುವುದು ಜಾಸ್ತಿ. ಹಾಗಾಗಿ ಒಂದು ತುಂಡನ್ನು ಟಿಬಿ ಪರೀಕ್ಷೆಗೂ ಕಳಿಸಲು ಹೇಳಿ. ವರದಿಯಲ್ಲಿ ಗೊಂದಲ ಇದ್ದರೆ ಪ್ಯಾರಾಫಿನ್ ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ಬಯಾಪ್ಸಿ ತುಂಡು) ಇಸ್ಕೊಂಡು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೋ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲೋ ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸಿ. ಕಾರ್ಖಾನೆಯ ಕೆಲಸದ ವಿಷಯವನ್ನು ಬಯಾಪ್ಸಿ ಫಾರ್ಮ್‌ನಲ್ಲೇ ಬರೆಸಿ.