ಬೆಣ್ಣೆ ಬಿಡಬೇಕಾ, ಹಾಲಿನ ಕೆನೆ ತೆಗೆಯಬೇಕಾ, ಯಾವ ಎಣ್ಣೆ ತರಬೇಕು?

ನೀವು ಕೇಳಿರುವುದು ಇಷ್ಟು. ವಯಸ್ಸು 41, ರಕ್ತಪರೀಕ್ಷೆಯಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 148 ಬಂದಿದೆ. ಡಾಕ್ಟರು ಮಾತ್ರೆ ಬರೆದಿಲ್ಲ, ಊಟ ಸರಿ ಮಾಡಿಕೊಂಡು ಮೂರು ತಿಂಗಳು ಬಿಟ್ಟು ಬನ್ನಿ ಅಂದಿದ್ದಾರೆ. ಮನೆಯಲ್ಲಿ ಒಬ್ಬರು ಬೆಣ್ಣೆ ಮುಟ್ಟಲೇಬಾರದು ಅಂತಾರೆ, ಇನ್ನೊಬ್ಬರು ಬಾಟಲಿಯಲ್ಲಿ ಬರುವ ಎಣ್ಣೆಯೇ ವಿಷ ಅಂತಾರೆ. ಇವರಿಬ್ಬರ ನಡುವೆ ಯಾವ ಎಣ್ಣೆ ತರಲಿ, ಹಾಲು, ಮೊಸರು, ಚೀಸ್ ಏನು ಮಾಡಲಿ ಅಂತ ನಿಮ್ಮ ಪ್ರಶ್ನೆ.

ನಾನು ಡಾಕ್ಟರಲ್ಲ. ಆದರೆ ಐದು ವರ್ಷದ ಹಿಂದೆ ನನ್ನ ಕೈಯಲ್ಲೂ ಇಂಥದ್ದೇ ರಿಪೋರ್ಟ್ ಇತ್ತು, 152. ಅವತ್ತು ಸಂಜೆಯೇ ಫ್ರಿಜ್ ತೆಗೆದು ಬೆಣ್ಣೆ, ಚೀಸ್, ಕೊನೆಗೆ ಬಾದಾಮಿ ಡಬ್ಬಿಯನ್ನೂ ಹೊರಗೆ ಹಾಕಿದೆ. ಕೊಬ್ಬು ಅನ್ನುವುದೇ ಬೇಡ ಅಂತ. ಅದರ ಜಾಗಕ್ಕೆ 'ಲೋ ಫ್ಯಾಟ್' ಅಂತ ಬರೆದಿದ್ದ ಹಣ್ಣಿನ ಮೊಸರು, 'ಫ್ಯಾಟ್ ಫ್ರೀ' ಬಿಸ್ಕತ್ತು, ಬಿಳಿ ಬ್ರೆಡ್ಡು, ಜಾಮು ಬಂದವು. ಮೂರು ತಿಂಗಳಾದ ಮೇಲೆ ನೋಡಿದರೆ ಎಲ್‌ಡಿಎಲ್ ನಾಲ್ಕೇ ನಾಲ್ಕು ಅಂಕ ಇಳಿದಿತ್ತು, ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ ಮಾತ್ರ 130ರಿಂದ 210ಕ್ಕೆ ಹೋಗಿತ್ತು. ಆಹಾರ ತಜ್ಞೆಯೊಬ್ಬರು ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟುಕೊಂಡು ಒಂದೇ ಮಾತು ಕೇಳಿದರು: "ಬೆಣ್ಣೆ ಬಿಟ್ಟಿರಿ, ಸರಿ. ಅದರ ಜಾಗಕ್ಕೆ ಏನು ತಂದಿರಿ?"

ನಿಮಗೂ ನಾನು ಹೇಳಬೇಕಾಗಿರುವುದು ಇದೇ. ಬೆಣ್ಣೆ ಒಳ್ಳೆಯದಾ ಕೆಟ್ಟದ್ದಾ ಅಂತ ಒಂಟಿಯಾಗಿ ಕೇಳಿದರೆ ಜಗಳ ಮುಗಿಯುವುದಿಲ್ಲ. ಯಾವುದರ ಬದಲಿಗೆ ಯಾವುದು ಅಂತ ಕೇಳಿದರೆ ಉತ್ತರ ತುಂಬಾ ಸ್ಪಷ್ಟ. ಬೆಣ್ಣೆ, ತುಪ್ಪ, ಕೊಬ್ಬರಿ ಎಣ್ಣೆಯಲ್ಲಿ ಜಾಸ್ತಿ ಇರುವ ಸ್ಯಾಚುರೇಟೆಡ್ ಕೊಬ್ಬನ್ನು ಕಡಿಮೆ ಮಾಡಿ ಆ ಜಾಗಕ್ಕೆ ಬೀಜದ ಎಣ್ಣೆ, ಬಾದಾಮಿ, ಅಕ್ರೋಟು, ಮೀನು ಇಂಥವನ್ನು ತಂದರೆ ಎಲ್‌ಡಿಎಲ್ ಇಳಿಯುತ್ತದೆ, ಹೃದಯದ ಅಪಾಯವೂ ತಗ್ಗುತ್ತದೆ. ಅದೇ ಜಾಗಕ್ಕೆ ಸಕ್ಕರೆ, ಮೈದಾ ತಂದರೆ ಹೃದಯಕ್ಕೆ ಲಾಭ ಕಾಣುವುದಿಲ್ಲ, ನನಗೆ ಆದಂತೆ ಟ್ರೈಗ್ಲಿಸರೈಡ್ ಏರುವುದೂ ಉಂಟು. ಸ್ಯಾಚುರೇಟೆಡ್ ಕೊಬ್ಬು ಕಡಿಮೆ ಮಾಡಿಸಿ ಕನಿಷ್ಠ ಎರಡು ವರ್ಷ ನಡೆಸಿದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆಯಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದ ತೊಂದರೆಗಳು ಒಟ್ಟಾರೆ ಸುಮಾರು ಶೇ. 17 ಕಡಿಮೆಯಾಗಿದ್ದವು. ಸಣ್ಣ ಸಂಖ್ಯೆ ಅನ್ನಿಸಬಹುದು. ದಿನಾ ತಿನ್ನುವ ಊಟದಲ್ಲಿ ಒಂದು ವಸ್ತು ಬದಲಿಸಿದ್ದಕ್ಕೆ ಅಷ್ಟು ಸಿಕ್ಕಿದರೆ ನನಗದು ದೊಡ್ಡದೇ.

ಎಷ್ಟು ತಿನ್ನಬಹುದು ಅನ್ನುವುದಕ್ಕೂ ಒಂದು ಲೆಕ್ಕ ಇದೆ. ದಿನದ ಒಟ್ಟು ಕ್ಯಾಲೊರಿಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಶೇ. 10ರೊಳಗೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕೊಬ್ಬಿನ ಒಂದು ಗ್ರಾಂಗೆ 9 ಕ್ಯಾಲೊರಿ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಸ್ಯಾಚುರೇಟೆಡ್ ಕೊಬ್ಬು ಸುಮಾರು 22 ಗ್ರಾಂ ಆಯಿತು. ಇದನ್ನು ಜೇಬಿನಲ್ಲಿರುವ ದುಡ್ಡು ಅಂದುಕೊಳ್ಳಿ, ಯಾವುದಕ್ಕೆ ಖರ್ಚು ಮಾಡುತ್ತೀರೋ ನಿಮಗೆ ಬಿಟ್ಟಿದ್ದು. ಒಂದು ದೊಡ್ಡ ಚಮಚ ಬೆಣ್ಣೆಗೆ 7 ಗ್ರಾಂ ಹೋಗುತ್ತದೆ. ತುಪ್ಪಕ್ಕೆ ಇನ್ನೂ ಸ್ವಲ್ಪ ಜಾಸ್ತಿ, ಯಾಕೆಂದರೆ ಬೆಣ್ಣೆಯಲ್ಲಿ ಶೇ. 16ರಷ್ಟು ನೀರಾದರೂ ಇರುತ್ತದೆ, ತುಪ್ಪದಲ್ಲಿ ಅದೂ ಇಲ್ಲ. ಕೊಬ್ಬರಿ ಎಣ್ಣೆ ಒಂದು ಚಮಚಕ್ಕೆ 11 ಗ್ರಾಂ, ಅಂದರೆ ಅರ್ಧ ಜೇಬು ಅಲ್ಲೇ ಖಾಲಿ. ತಾಳೆ ಎಣ್ಣೆ ಸುಮಾರು 7. ಆಲಿವ್, ಸೋಯಾ, ಕಡಲೆಕಾಯಿ, ಎಳ್ಳೆಣ್ಣೆ ಎಲ್ಲ 2ರ ಆಸುಪಾಸು. ಸೂರ್ಯಕಾಂತಿ, ಕೆನೋಲಾ ಅದಕ್ಕೂ ಕಡಿಮೆ. ಕೊಬ್ಬರಿ ಎಣ್ಣೆ ಗಿಡದಿಂದ ಬಂದದ್ದು, ಹಾಗಾಗಿ ಒಳ್ಳೆಯದೇ ಇರಬೇಕು ಅಂತ ತುಂಬಾ ಜನ ನಂಬುತ್ತಾರೆ. ಎಲ್‌ಡಿಎಲ್ ಏರಿಸುವ ವಿಷಯದಲ್ಲಿ ಅದು ಬೆಣ್ಣೆಯ ಗುಂಪಿಗೇ ಸೇರುತ್ತದೆ. ರುಚಿಗೆ ಅಂತ ಯಾವಾಗಲೋ ಒಮ್ಮೆ ಹಾಕಿದರೆ ತಪ್ಪೇನಿಲ್ಲ, ದಿನದ ಅಡುಗೆಗೆ ಅದನ್ನೇ ಹಾಕಬೇಡಿ.

ಬಾಟಲಿ ಎಣ್ಣೆ ವಿಷ ಅನ್ನುವವರಿಗೂ ಒಂದು ಮಾತು. ಅವರು ಸಾಮಾನ್ಯವಾಗಿ ಬೆರಳು ತೋರಿಸುವುದು ಒಮೇಗಾ-6 ಕಡೆಗೆ, ಅದು ದೇಹದಲ್ಲಿ ಉರಿಯೂತ ತರುತ್ತದೆ ಅಂತ. ಸೂರ್ಯಕಾಂತಿ, ಸೋಯಾ ಎಣ್ಣೆಯಲ್ಲಿರುವ ಒಮೇಗಾ-6 ಅಂದರೆ ಲಿನೋಲಿಯಿಕ್ ಆಮ್ಲ, ಅದು ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾರದ ಕೊಬ್ಬು, ಊಟದಿಂದಲೇ ಬರಬೇಕು. ಜನರಿಗೆ ಅದನ್ನು ಜಾಸ್ತಿ ಕೊಟ್ಟು ರಕ್ತ ಪರೀಕ್ಷೆ ಮಾಡಿದ ಪ್ರಯೋಗಗಳಲ್ಲಿ ಉರಿಯೂತದ ಸೂಚಕಗಳು ಏರಿಲ್ಲ. ಕೊರತೆ ಇರುವುದು ಅದೇ ಥರ ಊಟದಿಂದಲೇ ಬರಬೇಕಾದ ಇನ್ನೊಂದು ಕೊಬ್ಬು, ಒಮೇಗಾ-3ರದ್ದು. ಅದಕ್ಕೆ ಎಣ್ಣೆಗೆ ಹೆದರುವ ಬದಲು ದಿನಾ ಒಂದು ಹಿಡಿ ಅಕ್ರೋಟು ತಿನ್ನಿ. 30 ಗ್ರಾಂ ಅಕ್ರೋಟಿನಲ್ಲಿ ಎರಡೂವರೆ ಗ್ರಾಂನಷ್ಟು ಸಸ್ಯಮೂಲದ ಒಮೇಗಾ-3 ಇದೆ, ದೊಡ್ಡವರಿಗೆ ದಿನಕ್ಕೆ ಬೇಕಾಗಿರುವುದು 1.1ರಿಂದ 1.6 ಗ್ರಾಂ. ಅಗಸೆ ಬೀಜವಾದರೆ ಪುಡಿ ಮಾಡಿಕೊಳ್ಳಿ, ಇಡಿಯಾಗಿ ನುಂಗಿದರೆ ಹೋದ ಹಾಗೇ ಹೊರಗೆ ಬರುತ್ತದೆ. ಮೀನು ತಿನ್ನುವವರಾದರೆ ಕೊಬ್ಬಿರುವ ಮೀನು ವಾರಕ್ಕೆ ಒಂದೆರಡು ಸಲ ಸಾಕು.

ನಿಜವಾಗಿ ವಿಷ ಅನ್ನಬಹುದಾದ್ದು ಒಂದೇ, ಟ್ರಾನ್ಸ್ ಫ್ಯಾಟ್. ದ್ರವ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಅರ್ಧಂಬರ್ಧ ಗಟ್ಟಿ ಮಾಡಿದಾಗ ಹುಟ್ಟುವ ಕೊಬ್ಬು ಅದು. 1990ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಇದನ್ನು ಜನರಿಗೆ ತಿನ್ನಿಸಿ ನೋಡಿದಾಗ ಎಲ್‌ಡಿಎಲ್ ಏರುವುದರ ಜೊತೆಗೆ ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ ಕೂಡ ಇಳಿಯಿತು. ಬೆಣ್ಣೆ ಕೂಡ ಅಷ್ಟು ಕೆಟ್ಟ ಕೆಲಸ ಮಾಡುವುದಿಲ್ಲ. ಡೆನ್ಮಾರ್ಕ್ 2003ರಲ್ಲೇ ಇದಕ್ಕೆ ಕಾನೂನಿನ ಮಿತಿ ಹಾಕಿತು, ಆಮೇಲೆ ಬೇರೆ ದೇಶಗಳೂ ಬಂದವು. ಹಾಗಿದ್ದರೂ ಪೊಟ್ಟಣದ ಹಿಂಬದಿಯಲ್ಲಿ 'ಪಾರ್ಶಿಯಲಿ ಹೈಡ್ರೋಜನೇಟೆಡ್' ಅನ್ನುವ ಪದ ಕಂಡರೆ ವಾಪಸ್ ಇಟ್ಟುಬಿಡಿ. ಮುಂದೆ ದೊಡ್ಡದಾಗಿ ಟ್ರಾನ್ಸ್ ಫ್ಯಾಟ್ ಸೊನ್ನೆ ಅಂತ ಇದ್ದರೂ ಸರಿ, ಒಂದು ಸಲ ತಿನ್ನುವ ಪ್ರಮಾಣದಲ್ಲಿ ಸ್ವಲ್ಪವೇ ಇದ್ದರೆ ಸೊನ್ನೆ ಅಂತ ಬರೆಯಲು ಕೆಲವು ದೇಶಗಳ ನಿಯಮ ಬಿಡುತ್ತದೆ.

ಲೇಬಲ್ ಮಾತು ಬಂತಲ್ಲ, ಇನ್ನೆರಡು ಹೇಳಿಬಿಡುತ್ತೇನೆ. ಎಣ್ಣೆ ಬಾಟಲಿ ಮೇಲೆ 'ಕೊಲೆಸ್ಟ್ರಾಲ್ ಇಲ್ಲ' ಅಂತ ಇದ್ದರೆ ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಕೊಲೆಸ್ಟ್ರಾಲ್ ಇರುವುದು ಪ್ರಾಣಿಗಳಿಂದ ಬಂದ ಆಹಾರದಲ್ಲಿ, ಗಿಡದ ಎಣ್ಣೆಯಲ್ಲಿ ಅದು ಇಲ್ಲವೆಂದೇ ಲೆಕ್ಕ. ಆಲಿವ್ ಎಣ್ಣೆ ಮೇಲೆ 'ಲೈಟ್' ಅಂತ ಇದ್ದರೆ ಅದು ಬಣ್ಣ ಮತ್ತು ರುಚಿಯ ಮಾತು, ಕ್ಯಾಲೊರಿ ಅಷ್ಟೇ ಇರುತ್ತದೆ.

ಎಣ್ಣೆ ಯಾವುದು ಅನ್ನುವಷ್ಟೇ ಮುಖ್ಯ ಎಷ್ಟು ಅನ್ನುವುದು. ನಾನು ಬಾಟಲಿ ಬಗ್ಗಿಸಿ ನೇರ ಬಾಣಲೆಗೆ ಸುರಿಯುತ್ತಿದ್ದೆ, ಕೈ ಅಳತೆ ಅಂತ. ಒಂದು ದಿನ ದಿನಾ ಸುರಿಯುವಷ್ಟನ್ನೇ ಒಂದು ಬಟ್ಟಲಿಗೆ ಸುರಿದು, ಅಲ್ಲಿಂದ ಅಳತೆ ಚಮಚಕ್ಕೆ ತುಂಬಿ ತುಂಬಿ ಬೇರೆ ಕಡೆ ಹಾಕುತ್ತಾ ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು, ಇನ್ನೂ ತಳದಲ್ಲಿ ಉಳಿದಿತ್ತು. ಒಂದು ದೊಡ್ಡ ಚಮಚಕ್ಕೆ ಸುಮಾರು 120 ಕ್ಯಾಲೊರಿ, ಹಾಗಾದರೆ ಒಂದು ಪಲ್ಯಕ್ಕೆ 480ರ ಮೇಲೆ. ಅವತ್ತಿನಿಂದ ಚಮಚ ಬಾಟಲಿಯ ಕುತ್ತಿಗೆಗೇ ದಾರ ಕಟ್ಟಿ ನೇತುಹಾಕಿದ್ದೇನೆ. ನೀವೂ ಒಂದು ಸಲ ಅಳೆದು ನೋಡಿ, ದಯವಿಟ್ಟು. ಬೇರೆ ಯಾವ ಸಲಹೆಗಿಂತ ಇದು ನನ್ನ ಅಡುಗೆಮನೆಯನ್ನು ಬದಲಾಯಿಸಿತು.

ದೊಡ್ಡ ಡಬ್ಬಿ ಅಗ್ಗ ಅಂತ ತಂದು ತಿಂಗಳುಗಟ್ಟಲೆ ಒಲೆಯ ಪಕ್ಕ ಇಡಬೇಡಿ. ಬೆಳಕು, ಬಿಸಿ, ಗಾಳಿ ಮೂರೂ ಎಣ್ಣೆಗೆ ಶತ್ರು. ಅನುಮಾನ ಬಂದರೆ ಒಂದು ಹನಿ ಅಂಗೈಗೆ ಹಾಕಿ ಉಜ್ಜಿ ಮೂಸಿ ನೋಡಿ. ಹಳೆಯ ಬಣ್ಣದ ಡಬ್ಬಿ ತೆಗೆದಾಗ ಬರುವಂಥ ಕಮಟು ವಾಸನೆ ಇದ್ದರೆ ಚೆಲ್ಲಿಬಿಡಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದೂ ಬೇಡ. ಜೋರು ಉರಿಗೆ ರಿಫೈನ್ಡ್ ಎಣ್ಣೆ ತಡೆಯುತ್ತದೆ, ಅಗಸೆ ಎಣ್ಣೆಯಂಥವನ್ನು ಕಾಯಿಸದೆ ಮೇಲಿನಿಂದ ಹಾಕಿಕೊಳ್ಳಬೇಕು.

ಇನ್ನು ಹಾಲಿನ ಕಡೆ. ಇಲ್ಲಿ ಜನ ಮಾಡುವ ದೊಡ್ಡ ತಪ್ಪು ಹಾಲು, ಮೊಸರು, ಚೀಸ್, ಕೆನೆ, ಬೆಣ್ಣೆ ಎಲ್ಲವನ್ನೂ ಒಂದೇ ಗಂಟು ಕಟ್ಟುವುದು. ಬೆಣ್ಣೆ ಹಾಲಿನಿಂದಲೇ ಬಂದಿದ್ದರೂ ಹಾಲಿನ ಗುಣ ತಂದಿಲ್ಲ. ಹಾಲಿನ ಕ್ಯಾಲ್ಸಿಯಂ, ಪ್ರೋಟೀನ್ ಇರುವುದು ಅದರ ನೀರಿನ ಭಾಗದಲ್ಲಿ. ಕಡೆದು ಕೊಬ್ಬನ್ನು ಬೇರೆ ಮಾಡಿದಾಗ ಅವು ಮಜ್ಜಿಗೆಯ ಜೊತೆ ಹೋಗಿಬಿಡುತ್ತವೆ. 250 ಮಿ.ಲೀ. ಹಾಲಿನಲ್ಲಿ ಸುಮಾರು 300 ಮಿ.ಗ್ರಾಂ ಕ್ಯಾಲ್ಸಿಯಂ, 8 ಗ್ರಾಂ ಪ್ರೋಟೀನ್ ಇದ್ದರೆ, ಒಂದು ದೊಡ್ಡ ಚಮಚ ಬೆಣ್ಣೆಯಲ್ಲಿ ಕ್ಯಾಲ್ಸಿಯಂ ಮೂರೋ ನಾಲ್ಕೋ ಮಿ.ಗ್ರಾಂ. ಹಾಗಾಗಿ ಮೂಳೆಗೆ ಒಳ್ಳೆಯದು ಅಂತ ಬೆಣ್ಣೆ ತಿನ್ನುವುದರಲ್ಲಿ ಅರ್ಥ ಇಲ್ಲ. ಬೆಣ್ಣೆ ಬಿಟ್ಟರೆ ಕ್ಯಾಲ್ಸಿಯಂ ಕೊರತೆ ಆಗುತ್ತದೆ ಅನ್ನುವ ಹೆದರಿಕೆಯೂ ಬೇಡ.

ಕೆನೆ ತೆಗೆದ ಹಾಲೇ ಆಗಬೇಕಾ? ನೀವು ಎಷ್ಟು ಕುಡಿಯುತ್ತೀರಿ ಅನ್ನುವುದರ ಮೇಲಿದೆ. ಪೂರ್ತಿ ಕೆನೆಯ ಒಂದು ಲೋಟ ಹಾಲಿನಲ್ಲಿ 8 ಗ್ರಾಂ ಕೊಬ್ಬು, ಅದರಲ್ಲಿ ಸ್ಯಾಚುರೇಟೆಡ್ ಸುಮಾರು 5. ದಿನಕ್ಕೆ ಒಂದೇ ಲೋಟ ಆದರೆ ನಿಮಗೆ ಯಾವುದು ರುಚಿಯೋ ಅದನ್ನೇ ಕುಡಿಯಿರಿ, ಉಳಿದ ಲೆಕ್ಕದಲ್ಲಿ ಸರಿದೂಗಿಸಬಹುದು. ಮೂರು ಲೋಟ ಕುಡಿಯುವವರಾದರೆ 15 ಗ್ರಾಂ ಅಲ್ಲೇ ಹೋಯಿತು, ಎಲ್‌ಡಿಎಲ್ 148 ಇರುವಾಗ ಕಡಿಮೆ ಕೆನೆಯದ್ದು ವಾಸಿ. ಕ್ಯಾಲ್ಸಿಯಂ, ಪ್ರೋಟೀನ್ ಎರಡೂ ಹಾಗೇ ಉಳಿಯುತ್ತವೆ. ಕೆನೆಯ ಜೊತೆ ಎ ಮತ್ತು ಡಿ ವಿಟಮಿನ್ ಹೋಗುತ್ತವೆ, ಅದಕ್ಕೇ ಅವನ್ನು ಮತ್ತೆ ಸೇರಿಸಿದ ಹಾಲು ಸಿಕ್ಕರೆ ಅದನ್ನು ತಗೊಳ್ಳಿ. ಮನೆಯಲ್ಲಿ ಎರಡು ವರ್ಷದೊಳಗಿನ ಮಗು ಇದ್ದರೆ ಈ ಯಾವ ಲೆಕ್ಕವೂ ಅದಕ್ಕೆ ಬೇಡ, ಆ ವಯಸ್ಸಿಗೆ ಕೊಬ್ಬು ಬೇಕೇ ಬೇಕು. ಒಂದು ವರ್ಷ ತುಂಬಿದ ಮೇಲೆ ಕೆನೆ ಹಾಲನ್ನೇ ಕೊಡಿ, ಒಂದು ವರ್ಷದೊಳಗೆ ಹಸುವಿನ ಹಾಲನ್ನು ಮುಖ್ಯ ಆಹಾರವಾಗಿ ಕೊಡುವ ಹಾಗಿಲ್ಲ.

ಹಸಿ ಹಾಲು ಶಕ್ತಿ ಜಾಸ್ತಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಪಾಶ್ಚರೀಕರಣ ಅಂದರೆ 72 ಡಿಗ್ರಿಯಲ್ಲಿ 15 ಸೆಕೆಂಡು ಬಿಸಿ ಮಾಡುವುದು, ಅಷ್ಟೇ. ಅಷ್ಟಕ್ಕೆ ಕ್ಯಾಲ್ಸಿಯಂ ಎಲ್ಲಿಗೂ ಹೋಗುವುದಿಲ್ಲ, ಸಾಲ್ಮೊನೆಲ್ಲಾ, ಲಿಸ್ಟೀರಿಯಾ ಥರದ ಕ್ರಿಮಿಗಳು ಸಾಯುತ್ತವೆ.

ಮೊಸರು ಬಿಡಬೇಡಿ, ಸಾದಾ ಮೊಸರು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೂ ಮೊಸರು ಹೆಚ್ಚಾಗಿ ಒಗ್ಗುತ್ತದೆ, ಯಾಕೆಂದರೆ ಅದರ ಬ್ಯಾಕ್ಟೀರಿಯಾಗಳೇ ಲ್ಯಾಕ್ಟೋಸನ್ನು ಸ್ವಲ್ಪ ಮಟ್ಟಿಗೆ ಜೀರ್ಣ ಮಾಡಿಕೊಟ್ಟಿರುತ್ತವೆ. ನಾನು ಮೂರು ತಿಂಗಳು ತಿಂದ ಆ ಹಣ್ಣಿನ ಮೊಸರಿನ ಕಪ್ಪನ್ನು ಆಮೇಲೆ ತಿರುಗಿಸಿ ಓದಿದೆ. 150 ಗ್ರಾಂ ಕಪ್ಪಿಗೆ 20 ಗ್ರಾಂ ಸಕ್ಕರೆ. ಅದರಲ್ಲಿ 7 ಗ್ರಾಂ ಹಾಲಿನದ್ದೇ ಅಂತ ಬಿಟ್ಟರೂ ಉಳಿದ 13 ಗ್ರಾಂ, ಮೂರು ಟೀ ಚಮಚ ಸಕ್ಕರೆ, ಹೊರಗಿನಿಂದ ಸುರಿದದ್ದು. ದಿನಕ್ಕೆ ಎರಡು ಕಪ್ ತಿನ್ನುತ್ತಿದ್ದೆ, ಆರೋಗ್ಯಕ್ಕೆ ಅಂತ. ಈಗ ಸಾದಾ ಮೊಸರಿಗೆ ಹಣ್ಣು ಹೆಚ್ಚಿ ಹಾಕಿಕೊಳ್ಳುತ್ತೇನೆ, ಮೇಲೆ ಅಕ್ರೋಟು ಚೂರು.

ಚೀಸ್ ವಿಷಯ ಸ್ವಲ್ಪ ಆಶ್ಚರ್ಯದ್ದು. ಒಂದೇ ಪ್ರಮಾಣದ ಹಾಲಿನ ಕೊಬ್ಬನ್ನು ಒಂದು ಗುಂಪಿಗೆ ಬೆಣ್ಣೆಯಾಗಿ, ಇನ್ನೊಂದು ಗುಂಪಿಗೆ ಚೀಸ್ ಆಗಿ ಕೊಟ್ಟ ಪ್ರಯೋಗಗಳಲ್ಲಿ ಚೀಸ್ ತಿಂದವರ ಎಲ್‌ಡಿಎಲ್ ಬೆಣ್ಣೆ ತಿಂದವರಷ್ಟು ಏರಲಿಲ್ಲ. ಕ್ಯಾಲ್ಸಿಯಂ, ಪ್ರೋಟೀನ್ ಜೊತೆ ಸೇರಿಕೊಂಡು ಬರುವ ಕೊಬ್ಬು ದೇಹದಲ್ಲಿ ಬೇರೆ ಥರ ನಡೆದುಕೊಳ್ಳುತ್ತದೆ ಅಂತ ಕಾಣುತ್ತದೆ. ಹಾಗಂತ ಗುಡ್ಡೆ ಹಾಕಿಕೊಳ್ಳಬೇಡಿ, ಚೆಡ್ಡಾರ್‌ನಂಥ ಗಟ್ಟಿ ಚೀಸ್‌ನಲ್ಲಿ ಮೂರನೇ ಒಂದು ಭಾಗ ಕೊಬ್ಬೇ, ಉಪ್ಪೂ ಜಾಸ್ತಿ. ದಿನಕ್ಕೊಂದು ಸಣ್ಣ ತುಂಡಿಗೆ ನಾನು ಹೆದರುವುದಿಲ್ಲ.

ಹಾಲೇ ಬೇಡ ಅನ್ನುವವರಾದರೆ ಪ್ರೋಟೀನ್‌ನಲ್ಲಿ ಹಾಲಿನ ಹತ್ತಿರ ಬರುವುದು ಸೋಯಾ ಪಾನೀಯ. ಬಾದಾಮಿ ಪಾನೀಯದಲ್ಲಿ ಒಂದು ಲೋಟಕ್ಕೆ ಒಂದು ಗ್ರಾಂ ಆಸುಪಾಸಷ್ಟೇ ಪ್ರೋಟೀನ್. ಯಾವುದೇ ಆಗಲಿ, ಸಕ್ಕರೆ ಹಾಕದ, ಕ್ಯಾಲ್ಸಿಯಂ ಸೇರಿಸಿದ್ದನ್ನು ತನ್ನಿ. ಕುಡಿಯುವ ಮುಂಚೆ ಚೆನ್ನಾಗಿ ಕುಲುಕಿ, ಸೇರಿಸಿದ ಕ್ಯಾಲ್ಸಿಯಂ ತಳಕ್ಕೆ ಕೂತುಬಿಡುತ್ತದೆ.

ನಾನು ಹೀಗೆ ಬದಲಿಸಿದ ಮೇಲೆ ಆರು ತಿಂಗಳಿಗೆ ಎಲ್‌ಡಿಎಲ್ 124ಕ್ಕೆ ಬಂತು, ಟ್ರೈಗ್ಲಿಸರೈಡ್ 140ಕ್ಕೆ. ಓಟ್ಸ್, ಕಾಳುಗಳನ್ನೂ ಜಾಸ್ತಿ ಮಾಡಿದ್ದೆ, ಅದರ ಪಾಲೂ ಇದೆ. ನಿಮಗೂ ಅಷ್ಟೇ ಇಳಿಯುತ್ತದೆ ಅಂತ ಹೇಳಲಾರೆ. ಥೈರಾಯ್ಡ್ ಕಡಿಮೆ ಇದ್ದರೂ ಎಲ್‌ಡಿಎಲ್ ಏರುತ್ತದೆ, ಆ ಪರೀಕ್ಷೆ ಆಗಿಲ್ಲದಿದ್ದರೆ ಡಾಕ್ಟರನ್ನು ಕೇಳಿ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಆಗಿದ್ದರೆ ಮೂರು ತಿಂಗಳು ಕಾಯದೆ ಈಗಲೇ ಡಾಕ್ಟರಿಗೆ ತಿಳಿಸಿ, ಯಾಕೆಂದರೆ ಆಗ 148 ಅನ್ನು ಅವರು ಬೇರೆ ಥರ ನೋಡಬೇಕಾಗುತ್ತದೆ.