ಸಂಪಾದಕರ ಉತ್ತರ: ಮುನ್ಸೂಚನೆಯಲ್ಲಿ ಮಳೆ ಇದೆ, ಮಾಪಕದಲ್ಲಿ ಎಷ್ಟು ಸೆಂಟ್?

ಕೊಡಗಿನ ಸಿದ್ದಾಪುರದ ಹತ್ತಿರ 14 ಎಕರೆ ಕಾಫಿ ಇರುವ ಓದುಗರೊಬ್ಬರ ಪತ್ರ ಬಂದಿದೆ. ಹೆಚ್ಚಿನದು ರೋಬಸ್ಟಾ, ತೋಡಿನ ಬದಿಗೆ ಸ್ವಲ್ಪ ಅರೇಬಿಕಾ. ಪತ್ರದ ಸಾರ ಇಷ್ಟು: ‘ಮಾರ್ಚ್ ಮೊದಲ ವಾರವಿಡೀ ಮೊಬೈಲಿನಲ್ಲಿ ಗುಡುಗು ಸಹಿತ ಮಳೆ, ಶೇ 60 ಸಾಧ್ಯತೆ, ತೇವಾಂಶ ಶೇ 88 ಎಂದೇ ಬರುತ್ತಿತ್ತು. ಅದನ್ನು ನಂಬಿ ಸ್ಪ್ರಿಂಕ್ಲರ್ ಹಾಕಲಿಲ್ಲ. ಕಣದಲ್ಲಿ ಒಣಗಲು ಹಾಕಿದ್ದ ಚೆರ್ರಿಗೆ (ಕಾಫಿ ಹಣ್ಣಿಗೆ) ಟಾರ್ಪಾಲು ಹೊದಿಸಿ ತೆಗೆದು ಆಳುಗಳಿಗೂ ಸಾಕಾಯಿತು. ಕೊನೆಗೆ ಸುಂಟಿಕೊಪ್ಪದ ನೆಂಟರಿಗೆ ಒಂದೂಕಾಲು ಇಂಚು ಬಿತ್ತು, ನಮಗೆ 18 ಸೆಂಟ್ (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್). ಈ ಮುನ್ಸೂಚನೆಗಳಿಗೆ ಏನಾದರೂ ಅರ್ಥ ಇದೆಯೇ? ಇನ್ನೆರಡು ತಿಂಗಳು ಏನು ನೋಡಿಕೊಂಡು ಕೆಲಸ ಮಾಡಿಸಲಿ?’

ಮಾನ್ಯರೇ,

ಅರ್ಥ ಇದೆ. ಆದರೆ ನೀವು ಕೇಳುವುದು ನಿಮ್ಮ ತೋಟದ ಮಳೆ, ಮುನ್ಸೂಚನೆ ಹೇಳುವುದು ಜಿಲ್ಲೆಯ ಮಳೆ. ಗೊಂದಲವೆಲ್ಲ ಅಲ್ಲಿಂದ ಶುರು.

ಹವಾಮಾನ ಇಲಾಖೆಯ ವಿಭಾಗದಲ್ಲಿ ಕೊಡಗು ‘ದಕ್ಷಿಣ ಒಳನಾಡಿ’ಗೆ ಸೇರಿದೆ. ನಮ್ಮ ಬೆಟ್ಟದ ಆಚೆ ಬದಿಯ ದಕ್ಷಿಣ ಕನ್ನಡ ಕರಾವಳಿ ವಿಭಾಗದಲ್ಲಿದೆ. ಹಾಗಾಗಿ ಇಡೀ ವಿಭಾಗಕ್ಕೆ ಹೇಳಿದ ಮಾತನ್ನು ಮೈಸೂರಿನವರೂ ನಾಪೋಕ್ಲಿನವರೂ ಒಟ್ಟಿಗೇ ಓದುತ್ತೇವೆ. ಅಲ್ಲಿ ಬಳಸುವ ಪದಗಳಿಗೆ ಗೊತ್ತಾದ ಅಳತೆ ಇದೆ. ‘ಒಂದೆರಡು ಕಡೆ’ ಮಳೆ ಎಂದರೆ ಆ ಪ್ರದೇಶದ ಮಳೆ ಮಾಪನ ಕೇಂದ್ರಗಳ ಪೈಕಿ ಶೇ 25ರವರೆಗೆ. ‘ಕೆಲವು ಕಡೆ’ ಎಂದರೆ ಶೇ 26ರಿಂದ 50, ‘ಹಲವು ಕಡೆ’ ಎಂದರೆ ಶೇ 51ರಿಂದ 75, ‘ಬಹುತೇಕ ಕಡೆ’ ಎಂದರೆ ಅದಕ್ಕೂ ಮೇಲೆ. ‘ಒಂದೆರಡು ಕಡೆ’ ಎಂದು ಬಂದ ದಿನ ನಾಲ್ಕರಲ್ಲಿ ಮೂರು ತೋಟ ಒಣಗಿದ್ದರೂ ಮುನ್ಸೂಚನೆ ಸರಿಯೇ.

ಪ್ರಮಾಣದ ಲೆಕ್ಕವೂ ಹಾಗೆಯೇ. ದಿನಕ್ಕೆ 2.5 ಮಿ.ಮೀ., ಅಂದರೆ ನಮ್ಮ 10 ಸೆಂಟ್ ಬಿದ್ದರೆ ಇಲಾಖೆಯ ಪುಸ್ತಕದಲ್ಲಿ ಅದು ಮಳೆಯ ದಿನ. 15.5 ಮಿ.ಮೀ.ವರೆಗೆ ಹಗುರ ಮಳೆ, ಅಲ್ಲಿಂದ 64.4ರವರೆಗೆ ಸಾಧಾರಣ, ಆಮೇಲೆ ಭಾರಿ. ನಿಮ್ಮ 18 ಸೆಂಟ್ ಸುಮಾರು 4.6 ಮಿ.ಮೀ. ಆಗುತ್ತದೆ. ಮುನ್ಸೂಚನೆ ಕೊಟ್ಟವರ ಪಾಲಿಗೆ ಅದು ಗೆದ್ದ ದಿನ, ನಿಮ್ಮ ಮೊಗ್ಗಿನ ಪಾಲಿಗೆ ಏನೂ ಬೀಳದೆ ಇದ್ದರೇ ವಾಸಿ ಅನ್ನಿಸುವಂಥ ದಿನ. ಯಾಕೆಂದು ಮುಂದೆ ಹೇಳುತ್ತೇವೆ.

ಮೊಬೈಲಿನ ಶೇ 60 ಬರುವುದು ಬಹುಮಟ್ಟಿಗೆ ಜಾಗತಿಕ ಗಣಕ ಮಾದರಿಗಳಿಂದ. ಅವುಗಳ ಒಂದೊಂದು ಚೌಕ 9ರಿಂದ 25 ಕಿ.ಮೀ. ಅಗಲ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಿಂದ 830 ಮೀಟರಿನ ಕುಶಾಲನಗರಕ್ಕೆ ಇಳಿಯುವ ರಸ್ತೆಯೇ 30 ಕಿ.ಮೀ. ಅಷ್ಟರಲ್ಲಿ ಮಳೆಯ ಸ್ವಭಾವ ಎಷ್ಟು ಸಲ ಬದಲಾಗುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಮಾದರಿಗೆ ಅದು ಎರಡು ಮೂರು ಚೌಕ ಮಾತ್ರ. ಬೇಸಿಗೆಯ ಒಂದು ಗುಡುಗು ಮೋಡದ ಮಳೆ ಸುರಿಯುವ ಭಾಗವೋ, ಎಷ್ಟೋ ಸಲ ಐದು-ಹತ್ತು ಕಿ.ಮೀ. ಮೀರುವುದಿಲ್ಲ.

ಈ ಮೋಡ ಹುಟ್ಟುವ ಬಗೆ ತಿಳಿದರೆ ದಿನದ ಕೆಲಸ ಹಂಚುವುದು ಸುಲಭ. ಮಾರ್ಚ್‌ನಿಂದ ಮೇವರೆಗೆ ಒಳನಾಡಿನ ಮೇಲೆ ಉತ್ತರ-ದಕ್ಷಿಣವಾಗಿ ಒಂದು ಕಡಿಮೆ ಒತ್ತಡದ ಪಟ್ಟಿ ಆಗಾಗ ಚಾಚಿಕೊಳ್ಳುತ್ತದೆ, ಮಹಾರಾಷ್ಟ್ರದ ಕಡೆಯಿಂದ ಕರ್ನಾಟಕದ ಒಳಗೆ ಹಾದು ತಮಿಳುನಾಡು, ಕೇರಳದವರೆಗೆ. ಅದರ ಎರಡೂ ಬದಿಯ ಗಾಳಿ ಅಲ್ಲಿ ಸೇರುತ್ತದೆ. ಪಡುವಣದಿಂದ ಅರಬ್ಬಿ ಸಮುದ್ರದ ಹಸಿ ಗಾಳಿ ಮಧ್ಯಾಹ್ನದ ಹೊತ್ತಿಗೆ ಘಟ್ಟ ಹತ್ತುತ್ತದೆ, ಮೂಡಣದಿಂದ ಬಂಗಾಳಕೊಲ್ಲಿಯ ಗಾಳಿಯೂ ಬರುವುದುಂಟು. ಕಾದ ನೆಲ ಅದನ್ನು ಮೇಲಕ್ಕೆ ಎತ್ತಿದರೆ ಮಧ್ಯಾಹ್ನ 2ರಿಂದ ರಾತ್ರಿ 8ರ ಒಳಗೆ ಗುಡುಗು. ಪಟ್ಟಿ ನಮ್ಮ ಹತ್ತಿರ ಇದ್ದಾಗ ನಾಲ್ಕೈದು ದಿನ ಸಾಲಾಗಿ ಸಂಜೆ ಮಳೆ, ಅದು ಸರಿದರೆ ವಾರಗಟ್ಟಲೆ ಬರೀ ಬಿಸಿಲು. ಇಲಾಖೆಯ ವರದಿಯಲ್ಲಿ ಈ ಪಟ್ಟಿಯ ಪ್ರಸ್ತಾಪ ಇದೆಯೇ ಎಂದು ನೋಡುವುದು ಮೊಬೈಲಿನ ಮೋಡದ ಚಿತ್ರ ನೋಡುವುದಕ್ಕಿಂತ ಉಪಯುಕ್ತ.

ಇನ್ನು ತೇವಾಂಶ. ಶೇ 88 ಎಂಬುದು ಬಹುಶಃ ಬೆಳಗಿನ ಅಂಕಿ, ಮಳೆಗೆ ಅದರಿಂದ ಏನೂ ತಿಳಿಯದು. ಬೆಳಿಗ್ಗೆ 18 ಡಿಗ್ರಿ ಇದ್ದು ತೇವಾಂಶ ಶೇ 90 ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 14 ಗ್ರಾಂ ನೀರಾವಿ ಇರುತ್ತದೆ. ಅದೇ ಗಾಳಿ ಮಧ್ಯಾಹ್ನ 32 ಡಿಗ್ರಿಗೆ ಕಾದರೆ, ಒಂದು ಗ್ರಾಂ ಆವಿಯೂ ಕಡಿಮೆಯಾಗದೆ ತೇವಾಂಶ ಸುಮಾರು ಶೇ 40ಕ್ಕೆ ಇಳಿಯುತ್ತದೆ. ಬಿಸಿ ಗಾಳಿ ಹೆಚ್ಚು ಆವಿ ಹಿಡಿಯಬಲ್ಲದು, ಅಷ್ಟೇ. ಆದರೆ ಮಧ್ಯಾಹ್ನದ 32 ಡಿಗ್ರಿಯಲ್ಲೇ ಶೇ 60 ತೋರಿಸಿದರೆ ಆವಿ 20 ಗ್ರಾಂ ದಾಟಿದೆ ಎಂದರ್ಥ. ಹೊರಗಿನಿಂದ ಹಸಿ ಗಾಳಿ ನಿಜವಾಗಿಯೂ ಒಳಬಂದಿದೆ. ಆದ್ದರಿಂದ ಮಧ್ಯಾಹ್ನ 2 ಗಂಟೆಯ ತೇವಾಂಶವನ್ನು ದಿನದಿಂದ ದಿನಕ್ಕೆ ಹೋಲಿಸಿ. ಮೊಬೈಲಿನಲ್ಲಿ ‘ಇಬ್ಬನಿ ಬಿಂದು’ (ಗಾಳಿ ಎಷ್ಟು ಡಿಗ್ರಿಗೆ ತಣಿದರೆ ಇಬ್ಬನಿ ಕಟ್ಟುತ್ತದೆ ಎಂಬ ಅಂಕಿ) ಸಿಕ್ಕರೆ ಇನ್ನೂ ಒಳ್ಳೆಯದು, ಅದು ಬಿಸಿಲಿಗೆ ಏರಿಳಿಯುವುದಿಲ್ಲ. ನಮ್ಮ ಎತ್ತರದಲ್ಲಿ ಅದು ಎರಡು ಮೂರು ದಿನ ಏರುತ್ತಾ ಹೋಗಿ 18 ಡಿಗ್ರಿ ದಾಟಿದರೆ ಸಂಜೆಯ ಮಳೆಗೆ ಸರಕು ಸಿದ್ಧ ಎಂದು ಅಂದಾಜು ಮಾಡಬಹುದು. 14-15ರ ಕೆಳಗಿದ್ದರೆ ಮೋಡ ಕಟ್ಟಿದರೂ ನೆಚ್ಚಬೇಡಿ. ಬೀಳುವ ಹನಿ ಒಣ ಗಾಳಿಯಲ್ಲಿ ಆವಿಯಾಗಿ, ಆ ಗಾಳಿ ತಣಿದು ಭಾರವಾಗಿ ಧೊಪ್ಪನೆ ಕೆಳಗಿಳಿಯುತ್ತದೆ. ಮಳೆ ನಾಲ್ಕು ಹನಿ, ಗಾಳಿಗೆ ಸಿಲ್ವರ್ ಓಕ್ ಕೊಂಬೆ ಮುರಿದು ಕಾಫಿ ಗಿಡದ ಮೇಲೆ. ಏಪ್ರಿಲ್‌ನಲ್ಲಿ ತೋಟಕ್ಕೆ ಆಗುವ ಗಾಳಿಯ ಹಾನಿ ಹೆಚ್ಚಾಗಿ ಇದೇ ಬಗೆಯದು.

ಒಣ-ಹಸಿ ಬಲ್ಬಿನ ಉಷ್ಣಮಾಪಕ ಇಟ್ಟುಕೊಂಡರೆ ಯಾರನ್ನೂ ಕೇಳಬೇಕಿಲ್ಲ. ಒಣ ಬಲ್ಬ್ 30, ಹಸಿ ಬಲ್ಬ್ 24 ಇದ್ದರೆ ತೇವಾಂಶ ಸುಮಾರು ಶೇ 60. ಹಸಿ ಬಲ್ಬ್ 18ಕ್ಕೆ ಇಳಿದಿದ್ದರೆ ಸುಮಾರು ಶೇ 30. ಬತ್ತಿಯ ಬಟ್ಟೆ ಕೊಳೆಯಾದರೆ ಅಥವಾ ನೀರು ಒಣಗಿದರೆ ಹಸಿ ಬಲ್ಬ್ ಹೆಚ್ಚು ತೋರಿಸುತ್ತದೆ, ನೀವು ಇಲ್ಲದ ತೇವ ಇದೆ ಎಂದುಕೊಳ್ಳುತ್ತೀರಿ. ನೆರಳಿನಲ್ಲಿ, ಗಾಳಿಯಾಡುವ ಕಡೆ ನೇತುಹಾಕಿ.

ಈಗ ಕಾಫಿಯ ಮೊಗ್ಗು ಅರಳಿಸುವ ಹೂಮಳೆಗೆ ಬರೋಣ, ಪತ್ರದ ನಿಜವಾದ ನೋವು ಅದೇ.

ರೋಬಸ್ಟಾಗೆ ಹೂಮಳೆ ಒಂದರಿಂದ ಒಂದೂವರೆ ಇಂಚು ಬೇಕು, 25ರಿಂದ 40 ಮಿ.ಮೀ. ಬಲಿತ ಮೊಗ್ಗು ಬರದಲ್ಲಿ ನಿದ್ದೆ ಮಾಡುತ್ತಿರುತ್ತದೆ. ಮಳೆಯ ತಂಪು ಮತ್ತು ನೀರು ಸೇರಿ ಅದನ್ನು ಎಬ್ಬಿಸುತ್ತವೆ. 18 ಸೆಂಟ್ ಬಿದ್ದರೆ ತಂಪು ತಟ್ಟುತ್ತದೆ, ನೀರು ಬೇರಿಗೆ ಮುಟ್ಟುವುದಿಲ್ಲ. ಮೊದಲ ಕೆಲವು ಮಿ.ಮೀ. ನೆರಳು ಮರದ ಎಲೆ, ಕಾಫಿ ಎಲೆ, ನೆಲದ ತರಗು ಇವುಗಳಲ್ಲೇ ಮುಗಿದುಹೋಗುತ್ತದೆ. ಎದ್ದ ಮೊಗ್ಗಿಗೆ ಅರಳಲು ಶಕ್ತಿ ಸಾಲದೆ ಅರ್ಧಕ್ಕೆ ನಿಲ್ಲುತ್ತದೆ, ಇಲ್ಲವೇ ಸಣ್ಣಗೆ ನಕ್ಷತ್ರದ ಹಾಗೆ ಬಿರಿದು ಕಾಯಿ ಕಚ್ಚದೆ ಉದುರುತ್ತದೆ. ಅರ್ಧ ಇಂಚಿಗಿಂತ ಕಡಿಮೆ ಮಳೆಯನ್ನು ನಾವು ‘ಬಂತಲ್ಲ’ ಎಂದು ಖುಷಿಪಡಬಾರದು. ಅದು ಬಿದ್ದ ಎರಡು ಮೂರು ದಿನದೊಳಗೆ ಸ್ಪ್ರಿಂಕ್ಲರ್ ಹಾಕಿ ಕಡಿಮೆ ಬಿದ್ದದ್ದನ್ನು ತುಂಬಿಸಬೇಕು. ಇಂಥ ಮಳೆ ಬಿದ್ದ ಮೇಲೆ ಮುನ್ಸೂಚನೆ ನೋಡಿ ಕಾಯುವುದು ಶುದ್ಧ ಜೂಜು.

ಕಾಯುವ ಪ್ರಶ್ನೆ ಬರುವುದು ಮಳೆ ಬೀಳುವ ಮೊದಲು ಮಾತ್ರ, ಅದಕ್ಕೂ ಮೊದಲು ಕೆರೆಯ ನೀರಿನ ಲೆಕ್ಕ ಹಾಕಿಕೊಳ್ಳಿ. ಒಂದು ಎಕರೆಗೆ ಒಂದು ಇಂಚು ಎಂದರೆ ಸುಮಾರು 1.03 ಲಕ್ಷ ಲೀಟರ್. ನಿಮ್ಮ 14 ಎಕರೆಗೆ 14 ಲಕ್ಷಕ್ಕೂ ಹೆಚ್ಚು. ನೇರ ದಡದ 60 ಅಡಿ ಉದ್ದ, 40 ಅಡಿ ಅಗಲದ ಕೆರೆಯಲ್ಲಿ 10 ಅಡಿ ನೀರಿದ್ದರೆ 6.8 ಲಕ್ಷ ಲೀಟರ್, ಅಂದರೆ ಆರೂವರೆ ಎಕರೆಗೆ ಒಂದು ಸಲ. ಅಷ್ಟೇ ನೀರಿದ್ದರೆ ಇಡೀ ತೋಟಕ್ಕೆ ಅರ್ಧರ್ಧ ಇಂಚು ಹಂಚುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಮೊಗ್ಗು ಚೆನ್ನಾಗಿ ಬಲಿತಿರುವ ಬ್ಲಾಕಿಗೆ ಪೂರ್ತಿ ಕೊಟ್ಟು ಉಳಿದದ್ದನ್ನು ಮಳೆಗೆ ಬಿಡಿ. ಎರಡು ಸ್ಪ್ರಿಂಕ್ಲರ್‌ಗಳ ನಡುವೆ ಅಲ್ಲಲ್ಲಿ ನಾಲ್ಕೈದು ನೇರ ಬದಿಯ ಡಬ್ಬ ಇಟ್ಟು, ಸ್ಕೇಲು ಇಳಿಸಿ, ಸರಾಸರಿ 25 ಮಿ.ಮೀ. ಆಗುವವರೆಗೆ ಓಡಿಸಿ. ‘ಇಷ್ಟು ಗಂಟೆ ಓಡಿಸಿದೆ’ ಎಂಬ ಲೆಕ್ಕ ಒತ್ತಡ ಕಡಿಮೆಯಾದ ದಿನ ಕೈಕೊಡುತ್ತದೆ. ಮಧ್ಯಾಹ್ನದ ಬಿಸಿಲು ಗಾಳಿಯಲ್ಲಿ ಓಡಿಸಬೇಡಿ.

ಹೂಮಳೆಯಾದ ಏಳೆಂಟರಿಂದ ಹತ್ತನೇ ದಿನದೊಳಗೆ ಹೂ ಅರಳುತ್ತದೆ. ಆ ದಿನಗಳಿಗಾಗಿ ಮುನ್ಸೂಚನೆ ನೋಡಿ. ರೋಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಚ್ಚುವುದಿಲ್ಲ, ಗಾಳಿ ಮತ್ತು ಜೇನು ಬೇಕು. ಅರಳಿದ ಬೆಳಿಗ್ಗೆ ಮಳೆ ಸುರಿದರೆ ನಷ್ಟ ಖಂಡಿತ. ಅರೇಬಿಕಾ ಸ್ವಪರಾಗದ್ದು, ಅಷ್ಟು ಪೆಟ್ಟಾಗದು. ಮಳೆಯನ್ನು ತಡೆಯಲಾಗದು, ಆದರೆ ಹೂ ಬಿಟ್ಟ ದಿನ ಪಕ್ಕದ ಬ್ಲಾಕಿನ ಸ್ಪ್ರಿಂಕ್ಲರ್ ಹನಿ ತಾಗದಂತೆ ಮಾಡಬಹುದು, ಔಷಧಿ ಹೊಡೆಯದೆ ಜೇನನ್ನು ಬಿಟ್ಟುಬಿಡಬಹುದು. ಆಮೇಲೆ 15-20 ದಿನದೊಳಗೆ ಇನ್ನೊಂದು ಇಂಚಿನಷ್ಟು ಬ್ಯಾಕಿಂಗ್ ಮಳೆ ಬೇಕು, ಇಲ್ಲದಿದ್ದರೆ ಎಳೆಗಾಯಿ ಒಣಗಿ ಉದುರುತ್ತದೆ. ಕೆರೆಯ ನೀರನ್ನೆಲ್ಲ ಹೂವಿಗೇ ಖರ್ಚು ಮಾಡಿ ಬ್ಯಾಕಿಂಗ್‌ಗೆ ಆಕಾಶ ನೋಡುವ ತೋಟ ಹಲವು. ಬೇಸಿಗೆ ಮಳೆ ಬಿದ್ದೊಡನೆ ನೆಲದಲ್ಲೂ ಗಿಡದಲ್ಲೂ ಉಳಿದ ಹಣ್ಣಿನಿಂದ ಕಾಯಿಕೊರಕ ಹೊರಬರುತ್ತದೆ, ಹೆಕ್ಕುವ ಕೆಲಸ ಮಳೆಗೆ ಮೊದಲೇ ಮುಗಿದಿರಲಿ.

ಕಣದ ಚೆರ್ರಿಗೆ ಬೆಳಿಗ್ಗೆ ಹತ್ತಕ್ಕೇ ಟಾರ್ಪಾಲು ಹೊದಿಸಿದರೆ ಒಳ್ಳೆಯ ಬಿಸಿಲು ಹಾಳು. 12ರಿಂದ 1 ಗಂಟೆಯೊಳಗೆ ಬೆಟ್ಟದ ಮೇಲೆ ಹೂಕೋಸಿನ ಹಾಗೆ ಮೋಡ ಏರುತ್ತಿದೆಯೇ ನೋಡಿ, ಏರುತ್ತಿದ್ದರೆ ರಾಶಿ ಮಾಡಲು ಶುರು ಮಾಡಿ. ಮೊದಲು ಮುಚ್ಚಬೇಕಾದದ್ದು ಹಸಿ ಚೆರ್ರಿಯಲ್ಲ, ಒಣಗುತ್ತಾ ಬಂದದ್ದು. ಹಸಿ ಹಣ್ಣು ಒಂದು ಸಲ ನೆನೆದರೆ ಒಂದು ದಿನ ತಡವಾಗಬಹುದು, ಒಣಗಿದ್ದು ನೆನೆದರೆ ಬೂಸ್ಟು. ಹಿಡಿ ಚೆರ್ರಿ ಅಲ್ಲಾಡಿಸಿದಾಗ ಗಲಗಲ ಎನ್ನುವುದನ್ನು ತೇವಾಂಶ ಮಾಪಕದಲ್ಲಿ ನೋಡಿ, ಶೇ 11ಕ್ಕೆ ಬಂದಿದ್ದರೆ ಆ ದಿನವೇ ಚೀಲಕ್ಕೆ ತುಂಬಿ. ಕಣದಲ್ಲಿ ಇನ್ನೊಂದು ದಿನ ಇರಲಿ ಎನ್ನಬೇಡಿ. ಟಾರ್ಪಾಲಿನ ಒಳಗೆ ರಾತ್ರಿ ಬೆವರು ಕಟ್ಟುತ್ತದೆ. ಬೆಳಿಗ್ಗೆ ಇಬ್ಬನಿ ಆರಿದ ಕೂಡಲೇ ತೆಗೆದು, ಎಂಟು ಸೆಂ.ಮೀ.ಗಿಂತ ದಪ್ಪವಾಗದಂತೆ ಹರವಿ, ಗಂಟೆಗೊಮ್ಮೆ ಕೈಯಾಡಿಸಿ. ಕಾಳುಮೆಣಸಿಗೂ ಇದೇ ಎಚ್ಚರ.

ಸಿಡಿಲಿನ ವಿಷಯ ನೀವು ಕೇಳಿಲ್ಲ. ಆದರೆ ಮೆಣಸು ಕೊಯ್ಯುವುದು, ಮರ ಕಪಾತು ಎರಡೂ ಗುಡುಗಿನ ತಿಂಗಳಲ್ಲೇ, ಅದೂ ಅಲ್ಯೂಮಿನಿಯಂ ಏಣಿಯಲ್ಲಿ. ಮಿಂಚು ಕಂಡು ಗುಡುಗು ಕೇಳುವ ನಡುವೆ ಮೂರು ಸೆಕೆಂಡಿಗೆ ಒಂದು ಕಿ.ಮೀ. 30 ಸೆಕೆಂಡಿಗಿಂತ ಕಡಿಮೆಯಾದರೆ ಎಲ್ಲರೂ ಏಣಿ ಇಳಿದು ಮರದಡಿ ನಿಲ್ಲದೆ ಆಳುಗಳ ಲೈನ್ ಮನೆಗೋ ಮುಚ್ಚಿದ ಜೀಪಿಗೋ ಹೋಗಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬಾರದು. ತೋಟದ ರೈಟರ್ (ಗುಮಾಸ್ತ) ಮೊಬೈಲಿನಲ್ಲಿ ‘ದಾಮಿನಿ’ ಆ್ಯಪ್ ಇರಲಿ, ಸುತ್ತ 20 ಮತ್ತು 40 ಕಿ.ಮೀ. ಒಳಗಿನ ಸಿಡಿಲನ್ನು ಅದು ತೋರಿಸುತ್ತದೆ. ಪಂಪ್‌ಸೆಟ್ ಮತ್ತು ಇನ್ವರ್ಟರ್‌ನ ಸಂಪರ್ಕವನ್ನು ಮೊದಲ ಗುಡುಗಿಗೆ ಮುಂಚೆಯೇ ಬಿಡಿಸಿ. ಸೋಲಾರ್ ಬೇಲಿಯ ಯಂತ್ರಕ್ಕೂ ಸಿಡಿಲು ತಂತಿಯಿಂದಲೇ ಬರುತ್ತದೆ. ಆನೆಯ ಭಯಕ್ಕೆ ಅದರ ಸಂಪರ್ಕ ಬಿಡಿಸದೆ ಇದ್ದರೆ ಯಂತ್ರ ಸುಟ್ಟು, ವಾರಪೂರ್ತಿ ಬೇಲಿಯೇ ಇಲ್ಲದಂತಾಗುತ್ತದೆ.

ಇನ್ನು ಮುಂದಿನ ಎರಡು ತಿಂಗಳ ಪ್ರಶ್ನೆ. ಋತುವಿನ ಮುನ್ಸೂಚನೆಯಲ್ಲಿ ‘ವಾಡಿಕೆಗಿಂತ ಹೆಚ್ಚು’ ಎಂದು ಬಂದರೆ ಅದು ಮೂರು ತಿಂಗಳ ಒಟ್ಟು ಮಾತು. ಯಾವ ವಾರ, ಯಾವ ಹೋಬಳಿ ಎಂದು ಅದರಲ್ಲಿ ಹುಡುಕಬೇಡಿ. ಪ್ರತಿ ಗುರುವಾರ ಇಲಾಖೆ ಕೊಡುವ ಎರಡು ವಾರದ ಮುನ್ನೋಟ ಕೆಲಸ ಯೋಜಿಸಲು, ಐದು ದಿನದ ಜಿಲ್ಲಾ ಮುನ್ಸೂಚನೆ ಆಳು ಕರೆಯಲು, ಮೂರು ಗಂಟೆಯ ತಕ್ಷಣದ ಎಚ್ಚರಿಕೆ ಕಣ ಮುಚ್ಚಲು. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಲು ಹೋದರೆ ನಿಮ್ಮ ಮಾರ್ಚ್ ಮೊದಲ ವಾರದ ಹಾಗೆಯೇ ಆಗುತ್ತದೆ. ಅಶ್ವಿನಿ, ಭರಣಿ ಎಂದು ಹಿರಿಯರು ಎಣಿಸುವುದನ್ನು ತಳ್ಳಿಹಾಕಬೇಕಿಲ್ಲ. ಏಪ್ರಿಲ್ ಕೊನೆಗೆ ಹಿಡಿಯುವ ಭರಣಿಯ ಹೊತ್ತಿಗೆ ಸಂಜೆ ಮಳೆ ಹೆಚ್ಚುವುದು ಎಷ್ಟೋ ವರ್ಷಗಳ ಸರಾಸರಿ. ಸರಾಸರಿಯಿಂದ ಈ ವರ್ಷದ ತಾರೀಖು ಸಿಗುವುದಿಲ್ಲ.

ನಿಮ್ಮ ಮಾಪಕವನ್ನೂ ಒಮ್ಮೆ ನೋಡಿ. ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ ಮಟ್ಟವಾಗಿರಬೇಕು, ಹತ್ತಿರದ ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಬೇಕು. ಬಂಗಲೆಯ ಸೂರಿನ ಪಕ್ಕ ಇಟ್ಟ ಮಾಪಕದ 18 ಸೆಂಟ್ ನಿಜವಾಗಿ 30 ಇರಲೂಬಹುದು, 10 ಇರಲೂಬಹುದು. ಬಾಯಿಯ ವಿಸ್ತೀರ್ಣ 200 ಚದರ ಸೆಂ.ಮೀ. ಇದ್ದರೆ 20 ಮಿ.ಲೀ. ನೀರಿಗೆ ಒಂದು ಮಿ.ಮೀ., 508 ಮಿ.ಲೀ.ಗೆ ಒಂದು ಇಂಚು. ಬೆಳಿಗ್ಗೆ 8.30ಕ್ಕೆ ಅಳೆಯಿರಿ, ಇಲಾಖೆಯೂ ಆಗಲೇ ಅಳೆಯುವುದು. ಪತ್ರಿಕೆಯಲ್ಲಿ ಬರುವ ‘ಇಂದಿನ’ ಮಳೆ ನಿನ್ನೆ ಸಂಜೆಯದು ಎಂಬುದು ಆಗ ತಾಳೆಯಾಗುತ್ತದೆ.

ಮೇ ತಿಂಗಳ ಕೆಲಸವನ್ನು ಮಾತ್ರ ಜೂನ್ 1ಕ್ಕೆ ಲೆಕ್ಕ ಇಟ್ಟು ಹಂಚಬೇಡಿ. ಮುಂಗಾರು ಕೇರಳ ಮುಟ್ಟುವ ವಾಡಿಕೆಯ ದಿನ ಅದು. 2025ರಲ್ಲಿ ಮೇ 24ಕ್ಕೇ ಮುಟ್ಟಿತು. ಅರೇಬಿಕಾಕ್ಕೆ ಎಲೆ ತುಕ್ಕು ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಅರ್ಧ ಪರ್ಸೆಂಟಿನದು, 200 ಲೀಟರ್ ಬ್ಯಾರೆಲ್ಲಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೆಣಸು ಬಳ್ಳಿಗೆ ಒಂದು ಪರ್ಸೆಂಟ್, ಅಂದರೆ ಅದೇ ತೂಕಕ್ಕೆ 100 ಲೀಟರ್ ನೀರು. ಹೊಳೆಯುವ ಚಾಕು ಅದ್ದಿ ತೆಗೆದಾಗ ತಾಮ್ರದ ಕೆಂಪು ಹಿಡಿದರೆ ಇನ್ನೂ ಸುಣ್ಣ ಬೇಕು. ಗುಡುಗು ಮಳೆ ಸಂಜೆಗೆ ಬರುವುದರಿಂದ ಬೆಳಿಗ್ಗೆ ಎಲೆ ಒಣಗಿದ ಮೇಲೆ ಶುರು ಮಾಡಿ, 11 ಗಂಟೆಯೊಳಗೆ ನಿಲ್ಲಿಸಿ, ಮೇ ಮೂರನೇ ವಾರದೊಳಗೆ ಒಂದು ಸುತ್ತು ಮುಗಿಸಿಕೊಳ್ಳಿ.

– ಸಂಪಾದಕ